ಗಣರಾಜ್ಯದ ಮನೆ ಎಲ್ಲಿದೆ

ಅಂಸಾಪ್ವಾನೊ
12 ಮಾರ್ಚ್ 1994

ನನ್ನ ಮಗಳು ಅರಬಾಗೆ,

ತೆರೆ ಏಳುತ್ತದೆ. ರಂಗದ ಮೇಲೆ ಕಡಲು, ಮರಳು, ಮಂಗಳವಾರ. ಮಂಗಳವಾರ ಕಡಲ ದೇವರ ದಿನ, ದೋಣಿ ನೀರಿಗಿಳಿಯುವಂತಿಲ್ಲವಲ್ಲ, ಊರಿನ ಗಂಡಸರೆಲ್ಲ ದಂಡೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದಾರೆ. ಕೈಗೆ ಕೆಲಸ ಅರ್ಧ, ಬಾಯಿಗೆ ಎರಡರಷ್ಟು. ನಿನ್ನ ತಮ್ಮ ಎಬೋ ಕೆಲಸ ಮಾಡುವ ದೋಣಿಯ ಬಲೆಯನ್ನು ಅಜೊಬಾ ಬೆಂಟ್ಸಿಲ್‌ಳ ದೋಣಿಯವರು ತುಳಿದು ಹರಿದರಂತೆ. ಯಾರೋ ಯಾರದೋ ತಾಯಿಯ ಹೆಸರೆತ್ತಿದರು. ಅಲ್ಲಿಗೆ ಮಾತು ಮುಗಿದು ದೋಣಿಯ ಹುಟ್ಟುಗಳು ಮೇಲೆದ್ದವು. ಮರಳು ಹಾರಿತು, ಹೆಂಗಸರು ಕೂಗಿದರು, ನಾಯಿಗಳು ಓಡಿದವು. ಮರಳು ಕೆಳಗಿಳಿದಾಗ ಅಜೊಬಾಳ ಮಗ ಫೀಫಿ ಮುಖ ಹಿಡಿದುಕೊಂಡು ಬಿದ್ದಿದ್ದ. ನಮ್ಮ ಎಬೋ ಅವನ ಬೆನ್ನ ಹಿಂದೆ ನಿಂತಿದ್ದ.

ಪೊಲೀಸರು ಬಂದರು. ಎಬೋನನ್ನು ಕರೆದೊಯ್ದು ಹಲ್ಲೆ ಎಂದು ಬರೆದುಕೊಂಡರು. ನಾನು ಠಾಣೆಯ ಬಾಗಿಲಲ್ಲಿ ನಿಂತು, ನಲವತ್ತು ವರ್ಷ ಲಾರಿಯ ಮೇಲೆ ಊರೂರು ಸುತ್ತಿ ನಾಟಕವಾಡಿ ಗಳಿಸಿದ ದನಿಯಲ್ಲಿ, ನನ್ನ ಮಗನನ್ನು ಬಿಡಿ ಎಂದೆ. ಒಳಗಿನಿಂದ ಕಾನ್‌ಸ್ಟೇಬಲ್ ಅಂಪಿಯಾ, “ಅಜ್ಜ, ಕಿವಿ ಹೋಗತ್ತೆ, ಒಳಗೆ ಬಂದು ಮಾತಾಡಿ,” ಅಂದ. ಜಾಮೀನು ಕೊಟ್ಟರು. ಮಗ ಮನೆಯಲ್ಲಿದ್ದಾನೆ, ಊಟ ಮಾಡುತ್ತಿಲ್ಲ, ಮಾತೂ ಇಲ್ಲ. ಫೀಫಿಗೆ ಕಣ್ಣಿನ ಮೇಲೆ ಪಟ್ಟಿ ಕಟ್ಟಿ ದೊಡ್ಡಾಸ್ಪತ್ರೆಗೆ ಕಳಿಸಿದ್ದಾರೆ.

ಹೊಡೆದನೋ ಬಿಟ್ಟನೋ, ಅದು ಆಮೇಲಿನ ಮಾತು. ಮೊದಲು ಈ ಕಾನೂನು ಎನ್ನುವ ಪ್ರಾಣಿಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಗೊತ್ತಾಗಬೇಕು. ನಿನಗೆ ಕಾನೂನು ಓದಿಸಿದ್ದೇನೆ. ಸರ್ಕಾರ ನಿನ್ನನ್ನು ಒಯ್ದು ಆ ತಮಾಲೆಯ ಒಣ ಬಯಲಿನಲ್ಲಿ ಕೂರಿಸಿದೆ. ಅಲ್ಲಿಂದಲೇ, ಮಗುವಿಗೆ ಹೇಳಿದ ಹಾಗೆ ನನಗೆ ಹೇಳಿಕೊಡು. ನನ್ನ ಮಗನನ್ನು ನಾನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಬೇರೇನೂ ಬೇಡ.

ನಿನ್ನ ತಂದೆ,
ಯೋಕು ಎಸಿಲ್ಫಿ
(ಸಮುದ್ರತಾರೆ ನಾಟಕ ಮಂಡಳಿಯ ಅನಾಥ ಬಾಲಕ, ವಿಧವೆ, ಮತ್ತು ಕೊನೆಯ ಅಂಕದ ಪಾದ್ರಿ)


ತಮಾಲೆ
23 ಮಾರ್ಚ್ 1994

ಪ್ರೀತಿಯ ಅಪ್ಪ,

ನಿಮ್ಮ ಪತ್ರ ಹನ್ನೊಂದನೆಯ ದಿನ ತಲುಪಿತು. ಕಚೇರಿಯ ಗೆಳತಿಯರಿಗೆ ಓದಿ ಹೇಳಿದೆ. ನಾಯಿಗಳು ಓಡಿದ ಜಾಗಕ್ಕೆ ಬಂದಾಗ ನಗು ತಡೆಯಲಿಲ್ಲ. ಕ್ಷಮಿಸಿ. ಈಗ ಪಾಠ.

ಕಾನೂನಿಗೆ ಬರೀ ಕೈ ಸಾಲದು, ಮನಸ್ಸೂ ಬೇಕು. ಸಂತೆಯಲ್ಲಿ ಒಬ್ಬಾಕೆ ತನ್ನದೆಂದು ತಿಳಿದು ಇನ್ನೊಬ್ಬಳ ಮೀನಿನ ಬೋಗುಣಿ ಹೊತ್ತುಕೊಂಡು ಹೋದಳು ಎನ್ನಿ. ಕೈ ಮಾಡಿದೆ, ಮನಸ್ಸು ಮಾಡಿಲ್ಲ. ಅದು ಕಳವಲ್ಲ. ಇನ್ನೊಬ್ಬ ರಾತ್ರಿಯಿಡೀ ಶತ್ರುವನ್ನು ಕೊಲ್ಲಬೇಕೆಂದು ಯೋಚಿಸಿ ಬೆಳಿಗ್ಗೆ ಎದ್ದು ಮೆಕ್ಕೆಜೋಳದ ಕೆಂಕಿ ತಿಂದು ಕೆಲಸಕ್ಕೆ ಹೋದ. ಮನಸ್ಸು ಮಾಡಿದೆ, ಕೈ ಮಾಡಿಲ್ಲ. ಅದೂ ಅಪರಾಧವಲ್ಲ. ಎರಡೂ ಕೂಡಿದರೆ ಮಾತ್ರ ಅಪರಾಧ. ಕೂಡಿತ್ತು ಎಂದು ತೋರಿಸುವುದು ಆರೋಪ ಹೊರಿಸಿದವರ ಹೊಣೆ. ಆರೋಪಿ ಬಾಯಿ ಮುಚ್ಚಿಕೊಂಡು ಕೂತರೂ ತಪ್ಪಿಲ್ಲ.

ಇನ್ನು ಅಪರಾಧಗಳಿಗೆ ನಮ್ಮಲ್ಲಿ ಮೆಟ್ಟಿಲುಗಳಿವೆ. ಕೆಳಗಿನದು ಲಘು ಅಪರಾಧ: ಕಪಾಳಕ್ಕೆ ಬಿಗಿಯುವುದು, ಬೆದರಿಸುವುದು, ಬೀದಿಯಲ್ಲಿ ಹೊಲಸು ಬೈದು ಜಗಳಕ್ಕೆ ಎಳೆಯುವುದು. ಹೆಚ್ಚೆಂದರೆ ಮೂರು ವರ್ಷ, ಬಹಳ ಸಲ ದಂಡ ಅಷ್ಟೆ. ಅದರ ಮೇಲಿನದು ಎರಡನೆಯ ದರ್ಜೆಯ ಘೋರ ಅಪರಾಧ: ಕಳವು, ಮೋಸ, ಬೇಕೆಂದೇ ಗಾಯ ಮಾಡುವುದು. ಹತ್ತು ವರ್ಷದ ತನಕ. ಅದರ ಮೇಲೆ ಮೊದಲ ದರ್ಜೆ: ದರೋಡೆ, ಉದ್ದೇಶವಿಲ್ಲದೆ ಜೀವ ತೆಗೆಯುವುದು, ಅಲ್ಲಿ ಜೀವಾವಧಿಯೂ ಉಂಟು. ಕೊಲೆ ಇವೆಲ್ಲಕ್ಕಿಂತ ಎತ್ತರದಲ್ಲಿ ಒಂಟಿಯಾಗಿ ಕೂತಿದೆ.

ಇನ್ನೊಂದು ಮಾತು. ಅಪರಾಧದ ಮೊಕದ್ದಮೆಯಲ್ಲಿ ಎದುರಾಳಿ ಪೆಟ್ಟು ತಿಂದವನಲ್ಲ. ಕಾಗದದ ಮೇಲೆ ‘ಗಣರಾಜ್ಯ ವಿರುದ್ಧ ಎಬೋ ಎಸಿಲ್ಫಿ’ ಎಂದು ಬರೆಯುತ್ತಾರೆ. ಫೀಫಿ ಬರೀ ಸಾಕ್ಷಿ.

ಹಲ್ಲೆ ಕೆಳಗಿನ ಮೆಟ್ಟಿಲಿನದು. ಅದನ್ನು ರಾಜಿ ಮಾಡಿಕೊಳ್ಳಲು ನ್ಯಾಯಾಲಯವೇ ಪ್ರೋತ್ಸಾಹಿಸುತ್ತದೆ. ಎರಡೂ ಮನೆಯವರು ಒಪ್ಪಿದರೆ ಅಲ್ಲಿಗೆ ಮುಗಿಯಬಹುದು. ಹೆದರಬೇಡಿ. ಎಬೋಗೆ ಊಟ ಮಾಡಲು ಹೇಳಿ.

ನಿಮ್ಮ,
ಅರಬಾ


ಅಂಸಾಪ್ವಾನೊ
5 ಏಪ್ರಿಲ್ 1994

ನನ್ನ ವಕೀಲ ಮಗಳಿಗೆ,

ಗೆದ್ದೆವು. ನಿನ್ನ ಪತ್ರ ಬಂದದ್ದೇ ತಡ, ಹಿರಿಯ ಕ್ವಾಂಸಾರ ಬಳಿ ಓಡಿದೆ. ರಾಜಿ ಮಾಡಿಕೊಳ್ಳಬಹುದು ಎಂದು ಕಾನೂನೇ ಹೇಳುತ್ತಿದೆ, ನನ್ನ ಮಗಳೇ ಬರೆದಿದ್ದಾಳೆ ಎಂದೆ. ಅವರು ಕನ್ನಡಕ ಏರಿಸಿ, ಕಾನೂನು ಈಗ ಕಲಿತದ್ದನ್ನು ನಮ್ಮಜ್ಜಂದಿರು ಮಾಡುತ್ತಲೇ ಇದ್ದರು ಎಂದು ಕೆಮ್ಮಿದರು. ಈಸ್ಟರ್ ಹಿಂದಿನ ಶನಿವಾರ ಎಂದು ದಿನ ಗೊತ್ತಾಯಿತು. ಎರಡು ಬಾಟಲಿ ಷ್ನಾಪ್ಸ್ ಮದ್ಯ, ಒಂದು ಕುರಿ, ಹಿರಿಯರ ಕಡೆಯ ನಾಲ್ಕು ಜನ, ನಾನು, ಎಬೋ.

ಕ್ಷಮೆ ಬೇಡುವವನು ಅರ್ಧಂಬರ್ಧ ಬೇಡಬಾರದು, ನಿನಗೆ ಗೊತ್ತು. ‘ನನ್ನಿಂದ ಅಷ್ಟಾಗಿಲ್ಲ, ಅವನದೂ ತಪ್ಪಿದೆ’ ಎಂದು ಅಳೆದು ತೂಗುವವನ ಷ್ನಾಪ್ಸನ್ನು ಯಾವ ಮನೆಯೂ ಮುಟ್ಟುವುದಿಲ್ಲ. ಇಡೀ ಹೊರೆಯನ್ನು ತಲೆಯ ಮೇಲೆ ಹೊತ್ತು ಹೋಗಬೇಕು, ಆಮೇಲೆ ಅವರೇ ಇಳಿಸುತ್ತಾರೆ. ಹಾಗಾಗಿ ಹಿಂದಿನ ದಿನ ಹಿತ್ತಿಲಲ್ಲಿ ತಾಲೀಮು ಇಟ್ಟುಕೊಂಡೆ. ಚಪ್ಪಲಿ ಬಿಡು, ಹೊದಿಕೆ ಹೆಗಲಿನಿಂದ ಸೊಂಟಕ್ಕಿಳಿಸು, ಮೊಣಕಾಲೂರು, ಈಗ ಹೇಳು ಎಂದೆ. ಮಾತು ನಾನೇ ಕಟ್ಟಿದ್ದು: ‘ಅಮ್ಮಾ, ನಿಮ್ಮ ಮಗನನ್ನು ಹೊಡೆದ ಕೈ ಇದು. ತಪ್ಪು ನನ್ನದು.’

ನಿನ್ನ ತಮ್ಮ ಮರದ ಕೊರಡಿನ ಹಾಗೆ ನಿಂತ.

“ನಾನು ಹೊಡೀಲಿಲ್ಲ, ಅಪ್ಪ,” ಅಂದ.

“ನಾನು ಅದನ್ನ ಕೇಳಿದ್ನಾ? ಮಾತು ಹೇಳು ಅಂದೆ.”

“ಸುಳ್ಳು ಹೇಗೆ ಹೇಳ್ಲಿ?”

“ಸುಳ್ಳಲ್ಲ ಮಾರಾಯ, ಪಾತ್ರ. ನಾನು ಹನ್ನೆರಡು ವರ್ಷ ವಿಧವೆ ಆಗಿದ್ದೆ. ನನ್ನ ಗಂಡ ಯಾವನು?”

ಅವನು ನಗಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಮಾತು ಬಾಯಿಗೆ ಬಂತು.

ಈಗ ಶನಿವಾರ. ಅಜೊಬಾಳ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯ ಮೇಲೆ ಜನ, ಬೇವಿನ ಮರದ ಮೇಲೆ ಜನ. ಕಾನ್‌ಸ್ಟೇಬಲ್ ಅಂಪಿಯಾನೂ ಸಮವಸ್ತ್ರ ಬಿಚ್ಚಿಟ್ಟು ನೆರೆಯವನಾಗಿ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಕ್ವಾಂಸಾ ಮಾತೆತ್ತಿ, ಪಿತೃಗಳ ಹೆಸರು ಹಿಡಿದು ನೆಲಕ್ಕೆ ಷ್ನಾಪ್ಸ್ ಸುರಿದರು. ನಾನು ಎದ್ದೆ. ಅರಬಾ, ನನ್ನ ಜೀವಮಾನದಲ್ಲಿ ಅಂಥ ಪ್ರೇಕ್ಷಕರು ಸಿಕ್ಕಿರಲಿಲ್ಲ. ನನ್ನ ದನಿ ಅಂಗಳ ದಾಟಿ ಅಲೆಗೆ ಬಡಿದು ವಾಪಸು ಬಂತು. ನಾನು ಅತ್ತೆ. ಅಜೊಬಾ ಅಳಲಿಲ್ಲ. ಆಮೇಲೆ ಎಬೋ ಮೊಣಕಾಲೂರಿದ. ಒಂದು ಸಲವೂ ರಂಗ ಹತ್ತದ ಹುಡುಗ ತಲೆ ತಗ್ಗಿಸಿ, ಪಿಸುದನಿಯಲ್ಲಿ, ಆ ಒಂದೇ ಮಾತು ಹೇಳಿದ. ಆಗ ಅಜೊಬಾ ಅತ್ತಳು. ಇಡೀ ಅಂಗಳ ಅತ್ತಿತು. ನನ್ನ ಮಗ ನನ್ನನ್ನೂ ಮೀರಿಸಿದ.

ಅಜೊಬಾ ಲೋಟ ತೆಗೆದುಕೊಂಡು ಕುಡಿದಳು. ಕೈ ಹಿಡಿದಳು. ಕುರಿ ಅಲ್ಲೇ ಬೆಂದಿತು, ಎಲ್ಲರೂ ತಿಂದೆವು. ತೆರೆ ಬಿತ್ತು.

ಗೆದ್ದ ತಂದೆ,
ಯೋಕು ಎಸಿಲ್ಫಿ


ತಮಾಲೆ
14 ಏಪ್ರಿಲ್ 1994

ಅಪ್ಪ,

ಫೀಫಿಯ ಕಣ್ಣು ಏನಾಯಿತು? ಆಸ್ಪತ್ರೆಯವರು ಏನು ಹೇಳಿದರು? ನಿಮ್ಮ ಮೊದಲ ಪತ್ರದಲ್ಲಿ ಪಟ್ಟಿಯ ವಿಷಯ ಒಂದು ಸಾಲು ಇತ್ತು. ನಾನು ನಾಯಿಗಳ ಸಾಲಿಗೆ ನಗುತ್ತ ಅದನ್ನು ದಾಟಿ ಹೋಗಿದ್ದೆ.

ಕಣ್ಣು ಹೋಗಿದ್ದರೆ ಇದು ಹಲ್ಲೆಯಾಗಿ ಉಳಿಯುವುದಿಲ್ಲ. ಪೊಲೀಸರು ಆರೋಪವನ್ನು ಮೇಲಿನ ಮೆಟ್ಟಿಲಿಗೆ ಏರಿಸಬಹುದು. ಅಲ್ಲಿ ರಾಜಿ ಇಲ್ಲ. ಕುರಿ, ಷ್ನಾಪ್ಸ್, ಕೈ ಹಿಡಿದದ್ದು ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಒಂದೇ: ಊರೆಲ್ಲ ಕೇಳುವಂತೆ ಎಬೋ ತಾನೇ ಹೊಡೆದೆ ಎಂದದ್ದು. ನಿಮ್ಮ ಭಾಷೆಯಲ್ಲಿ ಅದು ಕ್ಷಮೆ. ನ್ಯಾಯಾಲಯದ ಭಾಷೆಯಲ್ಲಿ ತಪ್ಪೊಪ್ಪಿಗೆ.

ಇನ್ನು ಮುಂದೆ ಯಾರ ಹತ್ತಿರವೂ ಒಂದು ಮಾತೂ ಬೇಡ. ನೀವಂತೂ ಬೇಡವೇ ಬೇಡ.

ಅರಬಾ


ಅಂಸಾಪ್ವಾನೊ
30 ಮೇ 1994

ಮಗಳೇ,

ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ನೀನು ಹೇಳಿದ ಹಾಗೆ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಮುಚ್ಚಿಕೊಂಡದ್ದರಿಂದಲೂ ಏನೂ ಆಗಲಿಲ್ಲ.

ಫೀಫಿಯ ಎಡಗಣ್ಣು ತೆಗೆದುಬಿಟ್ಟರು. ಎಬೋ ಮೇಲಿನ ಆರೋಪ ಬದಲಾಯಿತು, ನೀನು ಬರೆದಂತೆಯೇ. ಈಗ ಅವನು ಜಾಮೀನಿಲ್ಲದೆ ಒಳಗಿದ್ದಾನೆ. ಬೆಂಚಿನ ತುದಿಯಲ್ಲಿ ಕೂತು ನನ್ನ ಕುರಿಯ ತೊಡೆ ತಿಂದ ಅಂಪಿಯಾ ಸಾಕ್ಷಿ ಸಂಖ್ಯೆ ಎರಡು. ದಾರಿಯಲ್ಲಿ ತಡೆದು ಕೇಳಿದೆ. ತಲೆ ಕೆರೆದುಕೊಂಡ. “ಅಜ್ಜ, ನಾನು ಬರ್ದಿಟ್ಕೊಳ್ಳಲಿಲ್ಲ, ಮರೀಲೂ ಇಲ್ಲ. ಅಷ್ಟು ಚೆನ್ನಾಗಿ ಹೇಳಿದ್ರೆ ಯಾರು ಮರೀತಾರೆ?” ಅಂದ.

ಅಜೊಬಾ ದೊಡ್ಡವಳು. ಒಕ್ಕಣ್ಣ ಮಗನ ಕೈ ಹಿಡಿದು ಠಾಣೆಗೆ ಹೋಗಿ, ನಾವು ಕುಡಿದಾಗಿದೆ, ತಿಂದಾಗಿದೆ, ನಮ್ಮದು ತೀರಿದೆ, ಹುಡುಗನನ್ನು ಬಿಡಿ ಎಂದಳಂತೆ. ಒಳಗಿದ್ದ ಅಧಿಕಾರಿ, ಇದು ನಿಮ್ಮ ಮೊಕದ್ದಮೆ ಅಲ್ಲಮ್ಮ, ಗಣರಾಜ್ಯದ್ದು ಎಂದು ಕಳಿಸಿದರಂತೆ.

ಹಾಗಾದರೆ ಕೇಳುತ್ತೇನೆ. ಯಾರು ಈ ಗಣರಾಜ್ಯ? ಅವನ ತಾಯಿ ಯಾರು? ಅವನ ಯಾವ ಕಣ್ಣು ಹೋಯಿತು? ಅವನ ಮನೆ ಎಲ್ಲಿದೆ ಹೇಳು, ಚಪ್ಪಲಿ ಬಿಟ್ಟು, ಹೊದಿಕೆ ಇಳಿಸಿ, ಅಂಗಳಕ್ಕೆ ಹೋಗಿ ಬೀಳುತ್ತೇನೆ. ಬಾಟಲಿ ಎಷ್ಟಾದರೂ ಸರಿ. ಪೆಟ್ಟು ತಿಂದವಳು ಕ್ಷಮಿಸಿದ್ದಾಳೆ. ಪೆಟ್ಟೇ ತಿನ್ನದವನು ಕ್ಷಮಿಸುವುದಿಲ್ಲವಂತೆ. ಇಂಥ ಖಳನನ್ನು ನಾನು ಯಾವ ನಾಟಕದಲ್ಲೂ ಬರೆದಿಲ್ಲ. ಬರೆದಿದ್ದರೆ ಜನ ನಂಬುತ್ತಿರಲಿಲ್ಲ.

ಒಂದು ವಿಷಯ ನನ್ನನ್ನು ಚುಚ್ಚುತ್ತದೆ. ರಾಜಿ ಆಗಬಹುದು ಎಂದು ಬರೆದವಳು ನೀನು.

ಯೋಕು ಎಸಿಲ್ಫಿ


9 ಜುಲೈ 1994

ಅಕ್ಕ,

ಇಲ್ಲಿ ಒಬ್ಬ ಮಾಸ್ತರ ಇದ್ದಾನೆ, ಶಾಲೆಯ ದುಡ್ಡು ತಿಂದು ಬಂದವನು. ಅವನ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಹಾಗೆ ಬರೆಯಲು ಬರುವುದಿಲ್ಲ.

ಆ ದಿನ ಫೀಫಿ ನಮ್ಮ ದೋಣಿಯ ಮುದುಕನ ಮೇಲೆ ಏರಿ ಹೋಗುತ್ತಿದ್ದ. ನಾನು ಹಿಂದಿನಿಂದ ಅವನ ಎರಡು ತೋಳು ಸೇರಿಸಿ ಹಿಡಿದು ಎಳೆದೆ. ಎಳೆದದ್ದು ಬಿಡಿಸಲು. ಎದುರಿನಿಂದ ಹುಟ್ಟು ಬಂತು. ಯಾರ ಕೈ ಎಂದು ಕಾಣಲಿಲ್ಲ, ಮರಳು ಎದ್ದಿತ್ತು. ನಾನು ಹಿಡಿದಿದ್ದೆನಾದ್ದರಿಂದ ಅವನಿಗೆ ಮುಖ ಮುಚ್ಚಿಕೊಳ್ಳಲು ಆಗಲಿಲ್ಲ. ಅದನ್ನೇ ಯೋಚಿಸುತ್ತಿದ್ದೆ, ಹಾಗಾಗಿ ಊಟ ಸೇರಲಿಲ್ಲ. ಅಜೊಬಾಮ್ಮನ ಮುಂದೆ ಅತ್ತದ್ದೂ ಅದಕ್ಕೇ. ನಟನೆ ಅಲ್ಲ.

ಕೈ ಮತ್ತು ಮನಸ್ಸು ಎಂದು ನೀನು ಅಪ್ಪನಿಗೆ ಬರೆದದ್ದನ್ನು ಅಪ್ಪ ಜೋರಾಗಿ ಓದುವಾಗ ಪಕ್ಕದ ಕೋಣೆಯಲ್ಲಿದ್ದೆ. ಚೆನ್ನಾಗಿತ್ತು. ನನ್ನ ಕೈ ಹಿಡಿದದ್ದು, ಮನಸ್ಸು ಬಿಡಿಸುವುದು. ಅದನ್ನು ಯಾವ ಮೆಟ್ಟಿಲಿನಲ್ಲಿ ಇಡುತ್ತಾರೆ?

ಮಾರ್ಚ್‌ನಿಂದ ನೀವಿಬ್ಬರೂ ನನ್ನ ಬಗ್ಗೆ ಬರೆದುಕೊಳ್ಳುತ್ತಿದ್ದೀರಿ. ನನಗೆ ಯಾರೂ ಬರೆದಿಲ್ಲ. ದೂರಲ್ಲ, ಹೇಳಿದೆ ಅಷ್ಟೆ.

ಎಬೋ


ತಮಾಲೆ
2 ಆಗಸ್ಟ್ 1994

ಅಪ್ಪ,

ಎಬೋನ ಪತ್ರದ ಪ್ರತಿ ಇದರೊಂದಿಗಿದೆ. ಓದಿ. ಅವನಿಗೆ ಉತ್ತರ ಬರೆದು ಹರಿದು ಹಾಕಿದೆ, ಮತ್ತೆ ಬರೆಯುತ್ತೇನೆ.

ಯಾವ ಮೆಟ್ಟಿಲೂ ಅಲ್ಲ ಎಂಬುದೇ ಅವನ ಪ್ರಶ್ನೆಗೆ ಉತ್ತರ. ಜಗಳ ಬಿಡಿಸುವುದು ಅಪರಾಧವಲ್ಲ. ಅದನ್ನು ನ್ಯಾಯಾಲಯ ನಂಬಬೇಕಾದರೆ ಅಂಗಳದಲ್ಲಿ ಆಡಿದ ಮಾತು ಅವನದಲ್ಲ ಎಂದು ಯಾರಾದರೂ ಹೇಳಬೇಕು. ಅವನೇ ಹೇಳಿದರೆ ತಪ್ಪಿಸಿಕೊಳ್ಳಲು ಅಂದ ಎನ್ನುತ್ತಾರೆ, ಹಾಗಾಗಿ ವಕೀಲರು ಅವನನ್ನು ಕಟಕಟೆ ಹತ್ತಿಸುವುದಿಲ್ಲ. ಹೇಳಬಲ್ಲವರು ನೀವೊಬ್ಬರೇ. ನಮ್ಮ ಕಡೆಯ ವಕೀಲರು ನಿಮ್ಮನ್ನು ಕಟಕಟೆಗೆ ಕರೆಯುತ್ತಾರೆ. ಮಾತು ನಾನು ಕಟ್ಟಿದೆ, ನಾನೇ ಕಲಿಸಿದೆ, ಅವನು ಹೊಡೆಯಲಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದ ಎನ್ನಿ. ಅಷ್ಟೇ. ರಜೆ ಕೇಳಿದೆ, ಕೊಡಲಿಲ್ಲ, ನಾನು ಬರಲಾರೆ.

ಒಂದೇ ಬೇಡಿಕೆ. ಸಣ್ಣ ದನಿಯಲ್ಲಿ ಹೇಳಿ. ಕೈ ಎತ್ತಬೇಡಿ. ಅಳಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ ಅಪ್ಪ, ಅಳಬೇಡಿ.

ರಾಜಿಯ ಮಾತು ಬರೆದವಳು ನಾನು, ಹೌದು. ಮರೆತಿಲ್ಲ.

ಅರಬಾ


ಅಂಸಾಪ್ವಾನೊ
21 ಅಕ್ಟೋಬರ್ 1994

ಅರಬಾ,

ಐದು ವರ್ಷ.

ಮೊದಲೇ ಹೇಳಿಬಿಟ್ಟೆ, ನೀನು ಕೊನೆಯವರೆಗೆ ಕಾಯುವುದು ಬೇಡ. ಈಗ ನಡೆದದ್ದು ಕೇಳು.

ಕಟಕಟೆ ಹತ್ತಿದೆ. ನೀನು ಹೇಳಿದಂತೆ ಸಣ್ಣ ದನಿಯಲ್ಲಿ ಶುರು ಮಾಡಿದೆ. ನ್ಯಾಯಾಧೀಶರು, ಕೇಳಿಸುತ್ತಿಲ್ಲ, ಜೋರಾಗಿ ಎಂದರು. ಜೋರು ಮಾಡಿದೆ. ಮಾಡಿದ್ದೇ ಆ ಹಾಳು ದನಿ ತನ್ನಷ್ಟಕ್ಕೆ ಏರಿತು, ಸಾಲಿನ ಕೊನೆಗೆ ತಾನೇ ನಿಂತಿತು, ಕೈ ತಾನೇ ಎದ್ದಿತು. ಇಷ್ಟು ವರ್ಷ ಸಾಕಿದ ಪ್ರಾಣಿ, ಅದಕ್ಕೆ ಬೇರೆ ನಡಿಗೆ ಗೊತ್ತಿಲ್ಲ. ಆದರೂ ಎಲ್ಲ ಹೇಳಿದೆ. ಹಿತ್ತಿಲಿನ ತಾಲೀಮು ಹೇಳಿದೆ. ‘ನಾನು ಹೊಡೀಲಿಲ್ಲ’ ಎಂದು ಮಗ ಅಂದದ್ದನ್ನೂ ಹೇಳಿದೆ.

ಸರ್ಕಾರಿ ವಕೀಲ ಚಿಕ್ಕ ವಯಸ್ಸಿನವನು, ನಿನ್ನಷ್ಟಿರಬಹುದು. ಎದ್ದು ನಿಂತು ನಗುತ್ತಲೇ ಕೇಳಿದ.

“ಆ ಅಂಗಳದಲ್ಲಿ ನೀವು ಅತ್ರಾ?”

“ಅತ್ತೆ.”

“ನಿಜವಾದ ಕಣ್ಣೀರಾ?”

“ಕಣ್ಣೀರು ಯಾವಾಗಲೂ ನಿಜಾನೇ, ಸ್ವಾಮಿ. ಕತೆ ಮಾತ್ರ ಸುಳ್ಳಿರತ್ತೆ.”

“ಪಿತೃಗಳ ಹೆಸರಲ್ಲಿ ಷ್ನಾಪ್ಸ್ ಸುರಿದ ಮೇಲೆ, ಅವರೆದುರಿಗೇ ಸುಳ್ಳು ಹೇಳಿಸಿದ್ರಿ ಅಂತೀರಾ?”

ಅಲ್ಲಿ ಹಿರಿಯ ಕ್ವಾಂಸಾ ಕೂತಿದ್ದರು. ಅಜೊಬಾ ಕೂತಿದ್ದಳು. ಇಲ್ಲ ಎಂದರೆ ನನ್ನ ಮಗ ಹೊಡೆದವನು. ಹೌದು ಎಂದರೆ ನಾನು ಈ ಊರಿನಲ್ಲಿ ಇನ್ನು ಯಾರ ಶವದ ಹಿಂದೆಯೂ ನಡೆಯುವಂತಿಲ್ಲ. ಮಗನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

“ಹೌದು, ಹೇಳಿಸಿದೆ,” ಎಂದೆ.

ಕ್ವಾಂಸಾ ಕೋಲೂರಿ ಎದ್ದು ಹೊರಗೆ ನಡೆದರು. ವಕೀಲ ಅವರು ಬಾಗಿಲು ದಾಟುವ ತನಕ ಕಾದ. ಆಮೇಲೆ, “ಈಗ ನಿಮ್ಮ ಕೆನ್ನೆ ಮೇಲೆ ಇಳೀತಿದೆಯಲ್ಲ ಅಜ್ಜ, ಇದು ಯಾವ ಕತೆದು?” ಎಂದ. ನಾನು ಅಳುತ್ತಿದ್ದೆ ಎಂದು ನನಗೆ ಆಗಲೇ ಗೊತ್ತಾದದ್ದು. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಜನರನ್ನು ನಗಿಸಿಯೇ ನಿನ್ನನ್ನು ಓದಿಸಿದವನು ನಾನು. ನಗು ಹೀಗೂ ಇರುತ್ತದೆ ಎಂದು ಗೊತ್ತಿರಲಿಲ್ಲ.

ನ್ಯಾಯಾಧೀಶರ ತೀರ್ಪು ಉದ್ದವಿತ್ತು. ನನಗೆ ಉಳಿದದ್ದು ಇಷ್ಟು: ತಂದೆ ಹೆಸರಾಂತ ನಟ, ಅವನ ಎರಡು ಪ್ರದರ್ಶನಗಳಲ್ಲಿ ಯಾವುದನ್ನು ನಂಬಬೇಕೋ ತಿಳಿಯದು, ಮಗ ನಟನಲ್ಲ, ಒಂದೇ ಸಲ ಮಾತಾಡಿದ್ದಾನೆ, ಅದನ್ನು ನಂಬುವುದು ಸುಲಭ. ಬೆನ್ನ ಹಿಂದಿನಿಂದ ಬಂದ ತೋಳುಗಳು ಎಬೋನವು ಎಂದು ಫೀಫಿ ಹೇಳಿದ್ದೂ ಅದಕ್ಕೆ ಸೇರಿತು.

ಹೊರಗೆ ಅಜೊಬಾ ಎದುರಾದಳು. ನಾನು ಹೊದಿಕೆ ಇಳಿಸಹೋದೆ. “ಇಳಿಸ್ಬೇಡ,” ಅಂದಳು. “ನನ್ನ ಮಗನ ಕಣ್ಣಿಗೆ ನೀನು ನಾಟಕ ಆಡಿದೆ. ನಾನು ನಿಜ ಅಂದ್ಕೊಂಡು ಕ್ಷಮಿಸಿದೆ. ಅದನ್ನ ವಾಪಸು ಕೊಡು.” ಮಾರನೆಯ ದಿನ ಎರಡು ಬಾಟಲಿ ಷ್ನಾಪ್ಸ್ ಮತ್ತು ಒಂದು ಜೀವಂತ ಕುರಿ ನಮ್ಮ ಬಾಗಿಲಿಗೆ ಬಂದವು. ಕುರಿ ಹಿತ್ತಿಲಲ್ಲಿ ಅರಚುತ್ತಿದೆ. ಕೊಯ್ಯಲೂ ಮನಸ್ಸಿಲ್ಲ, ಮಾರಲೂ ಮನಸ್ಸಿಲ್ಲ.

ನಿನ್ನ ತಂದೆ


14 ಡಿಸೆಂಬರ್ 1994

ಅಪ್ಪ,

ನೀವು ಕಳಿಸಿದ ಸೋಪು, ಒಣ ಮೀನು ತಲುಪಿತು. ಮೀನಿನಲ್ಲಿ ಅರ್ಧವನ್ನು ಜೈಲಿನ ಬಾಗಿಲು ಕಾಯುವವರು ಇಟ್ಟುಕೊಂಡರು. ಅಕ್ಕನ ಪತ್ರವೂ ಬಂತು, ಮೇಲ್ಮನವಿ ಹಾಕುತ್ತಾಳಂತೆ. ಹಾಕಲಿ.

ಇಲ್ಲಿ ಕ್ರಿಸ್‌ಮಸ್‌ಗೆ ಖೈದಿಗಳು ನಾಟಕ ಆಡುತ್ತಾರೆ. ವಾರ್ಡನ್ ನಿಮ್ಮ ಮಂಡಳಿಯ ಆಟ ನೋಡಿದವನು. ಎಸಿಲ್ಫಿಯ ಮಗ ಎಂದು ಗೊತ್ತಾಗಿ ನನ್ನನ್ನು ಮುಂದೆ ಎಳೆದ. “ಏನು ಬರತ್ತೆ ನಿಂಗೆ?” ಅಂದ. ಒಂದೇ ಮಾತು ಬರತ್ತೆ ಅಂದೆ. “ಅದನ್ನೇ ಹೇಳು,” ಅಂದ. ಮೊಣಕಾಲೂರಿ ಹೇಳಿದೆ. ಪಾತ್ರ ಕೊಟ್ಟರು.

ನಾಟಕಕ್ಕೆ ಬರಬೇಡಿ. ಬರುವುದಾದರೆ ಭೇಟಿಯ ದಿನ ಬನ್ನಿ. ಜಾಲರಿಯ ಎರಡೂ ಕಡೆ ಎಲ್ಲರೂ ಕೂಗುತ್ತಿರುತ್ತಾರೆ, ನಿಮ್ಮ ದನಿ ನನಗೆ ಕೇಳಿಸುತ್ತದೆ. ಕುರಿಯ ವಿಷಯ ಬೇಡ, ಅಕ್ಕನ ವಿಷಯ ಬೇಡ. ಮೊದಲು ಒಂದು ಮಾತು ಕೇಳಿ: ನೀನು ಹೊಡೆದೆಯಾ, ಎಬೋ?

ಉತ್ತರ ನಿಮಗೆ ಗೊತ್ತಿದೆ. ಆದರೂ ಕೇಳಿ. ನ್ಯಾಯಾಲಯದ ಮೊದಲ ದಿನ ಗುಮಾಸ್ತ ಗಣರಾಜ್ಯದ ಕಾಗದ ಹಿಡಿದು ನಿಂತು ಅದನ್ನೇ ಕೇಳಿದ್ದ. ನಾನು ಇಲ್ಲ ಎಂದಿದ್ದೆ. ಈವರೆಗೆ ಅದನ್ನು ನನ್ನ ಬಳಿ ಕೇಳಿದ್ದು ಗಣರಾಜ್ಯ ಒಂದೇ.

ನಿಮ್ಮ ಮಗ,
ಎಬೋ